ಮೂರಂಕಿಯ ಬೀದಿಗೆ ಸಾವಿರದ ಮನೆ

ಹಿಂದೂಪುರದ ಪಿನ್ ಕೋಡ್ 515201. ಕಲ್ಯಾಣದುರ್ಗದ್ದು 515761. ಮಡಕಶಿರದ ಮೇಲೆ ಹಾದು ಒಂದೂರಿನಿಂದ ಇನ್ನೊಂದಕ್ಕೆ ಹೊರಟರೆ ನಡುವೆ ಪಾವಗಡ ಎದುರಾಗುತ್ತದೆ. ಅದು ತುಮಕೂರು ಜಿಲ್ಲೆ, ಅದರ ಸಂಖ್ಯೆ 561202. ಅಂಗಡಿಗಳ ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ ಹೊರಳಿ, ಸ್ವಲ್ಪ ದೂರದಲ್ಲೇ ಮತ್ತೆ ತೆಲುಗಿಗೆ ಮರಳುತ್ತವೆ. ಅಂಗಡಿಯೊಳಗಿನ ಮಾತು ಮಾತ್ರ ಎರಡೂ ಕಡೆ ಎರಡೂ ಭಾಷೆಯಲ್ಲಿ ನಡೆಯುತ್ತಿರುತ್ತದೆ. ಪಿನ್ ಕೋಡಿನ ಮೊದಲ ಅಂಕಿಗೂ ಗಡಿಯ ಗೊಡವೆಯಿಲ್ಲ. 1972ರ ಆಗಸ್ಟ್ 15ರಂದು ಈ ಪದ್ಧತಿ ಜಾರಿಗೆ ಬಂದಾಗ ಆಂಧ್ರಪ್ರದೇಶಕ್ಕೂ, ಆಗಿನ್ನೂ ಮೈಸೂರು ರಾಜ್ಯವೆಂದೇ ಕರೆಸಿಕೊಳ್ಳುತ್ತಿದ್ದ ಕರ್ನಾಟಕಕ್ಕೂ ಸಿಕ್ಕ ಅಂಕಿ ಒಂದೇ, ಐದು. 2022ರ ಏಪ್ರಿಲ್‌ನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಒಡೆದರೂ 515 ಒಡೆಯಲಿಲ್ಲ.

ಲ್ಯಾಪ್‌ಟಾಪಿನ ಮೆಮೊರಿಯ ಬಗ್ಗೆ ಬರೆಯಲು ಕೂತವನು ಅಂಚೆ ಕಚೇರಿಯ ಬಾಗಿಲಲ್ಲಿ ನಿಂತದ್ದಕ್ಕೆ ಕಾರಣವಿದೆ. ಪಿನ್ ಕೋಡಿನ ಮೊದಲ ಮೂರು ಅಂಕಿ ಪ್ರದೇಶದ್ದು, ಕೊನೆಯ ಮೂರು ಅಲ್ಲಿನ ಅಂಚೆ ಕಚೇರಿಯದ್ದು. ಮೂರು ಅಂಕಿಗಳಲ್ಲಿ 999ರ ತನಕ ಎಣಿಸಬಹುದು. ಸಾವಿರನೇ ಕಚೇರಿಯನ್ನು ಎಷ್ಟೇ ಭವ್ಯವಾಗಿ ಕಟ್ಟಿ, ಅದಕ್ಕೆ ಹಾಕಲು ಸಂಖ್ಯೆಯೇ ಇರುವುದಿಲ್ಲ. ಕಟ್ಟಡ ಕಣ್ಣೆದುರಿಗಿದ್ದರೂ ಪತ್ರ ಅಲ್ಲಿಗೆ ತಲುಪುವುದಿಲ್ಲ. ಲ್ಯಾಪ್‌ಟಾಪಿಗೆ ಇಂತಿಷ್ಟೇ ರ‍್ಯಾಮ್ ಹಾಕಬಹುದು ಎನ್ನುವಾಗ ಅದರ ಹಿಂದಿರುವ ನಿಜವಾದ ಮಿತಿ ಈ ಜಾತಿಯದು.

ಒಂದು ಸನ್ನಿವೇಶ ಊಹಿಸಿಕೊಳ್ಳೋಣ. ಕಲ್ಯಾಣದುರ್ಗದ ಹುಡುಗ, ಅನಂತಪುರದಲ್ಲಿ ಬಿ.ಟೆಕ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಂದ ಹಳೇ ಲ್ಯಾಪ್‌ಟಾಪು, 4 ಜಿಬಿ ರ‍್ಯಾಮ್. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದು ಪಕ್ಕದಲ್ಲಿ ಪ್ರೋಗ್ರಾಂ ಬರೆಯಹೊರಟರೆ ಯಂತ್ರ ಮರಗಟ್ಟಿ ನಿಲ್ಲುತ್ತದೆ. ರಜೆಗೆ ಹಿಂದೂಪುರದ ಅಕ್ಕನ ಮನೆಗೆ ಬಂದವನು ಅದನ್ನು ರಿಪೇರಿ ಅಂಗಡಿಗೆ ಒಯ್ಯುತ್ತಾನೆ.

“ಇದು ಎಂಟು ಜಿಬಿ ತನಕಾನೇ ತಗಳೋದು ಕಣಪ್ಪ. ಕಂಪನಿಯೋರೇ ಬರ್ದವ್ರೆ.”

“ಇಲ್ಲಣ್ಣ, ನಮ್ಮ ಫ್ರೆಂಡು ಇದೇ ಮಾಡೆಲ್ಲಿಗೆ ಹದಿನಾರು ಹಾಕ್ಸ್ಕಂಡವ್ನೆ. ಚೆನ್ನಾಗೇ ಓಡ್ತೈತೆ.”

ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅಂಗಡಿಯವರು ಹೇಳುತ್ತಿರುವುದು ಬರೆದದ್ದು, ಹುಡುಗ ಹೇಳುತ್ತಿರುವುದು ನಡೆದದ್ದು. ಎರಡರ ನಡುವಿನ ಅಂತರ ಎಲ್ಲಿಂದ ಬಂತು ಎಂದು ತಿಳಿದರೆ ದುಡ್ಡು ಉಳಿಯುತ್ತದೆ. ಕೆಲವೊಮ್ಮೆ ಲ್ಯಾಪ್‌ಟಾಪೂ ಉಳಿಯುತ್ತದೆ.

ಹಿಂದೂಪುರದವರಿಗೆ ಮಿತಿ ಎಂದೊಡನೆ ನೆನಪಾಗುವುದು ಹುಣಸೆಹಣ್ಣಿನ ಮಂಡಿಗೆ ಬರುವ ಗಾಡಿಗಳು. ಒಂದು ಟನ್ನಿನ ಗಾಡಿಗೆ ಒಂದೂವರೆ ಟನ್ನು ಹೇರಿದರೂ ಅದು ಏದುಸಿರು ಬಿಡುತ್ತಾ ಹೇಗೋ ಊರು ಸೇರುತ್ತದೆ. ಮೆಮೊರಿಯೂ ಹಾಗೇ, ಬರೆದದ್ದಕ್ಕಿಂತ ಕೊಂಚ ಹೆಚ್ಚು ಹೇರಿದರೆ ಯಂತ್ರ ಬಿಸಿಯಾದೀತು, ತೇಕೀತು, ಆದರೂ ನಡೆದೀತು ಎಂಬುದು ಸಾಮಾನ್ಯ ನಂಬಿಕೆ. ಈ ಹೋಲಿಕೆ ಬಹುಮಟ್ಟಿಗೆ ತಪ್ಪು. ಮೆಮೊರಿಯ ಮಿತಿ ಮುಖ್ಯವಾಗಿ ಭಾರದ್ದಲ್ಲ, ವಿಳಾಸದ್ದು. ಎಣಿಸಲು ಬಂದರೆ ಪೂರ್ತಿ ನಡೆಯುತ್ತದೆ, ಬಾರದಿದ್ದರೆ ಇಲ್ಲವೇ ಇಲ್ಲ.

ಈ ಎಣಿಕೆಯ ಕಥೆ ಹಳೆಯದು. 1981ರಲ್ಲಿ ಬಂದ ಐಬಿಎಂ ಪಿಸಿಯೊಳಗಿದ್ದ ಇಂಟೆಲ್ 8088 ಪ್ರೊಸೆಸರಿನಿಂದ ಹೊರಡುತ್ತಿದ್ದ ವಿಳಾಸದ ತಂತಿಗಳು 20. ಪ್ರತಿ ತಂತಿಯಲ್ಲಿ ಸೊನ್ನೆ ಇಲ್ಲವೇ ಒಂದು. ಹೀಗೆ ಇಪ್ಪತ್ತು ತಂತಿಗಳಲ್ಲಿ ಬರೆಯಬಹುದಾದ ವಿಳಾಸಗಳು 10,48,576, ಅಂದರೆ 1 ಎಂಬಿ. ಅದರಲ್ಲೂ ಮೇಲಿನ 384 ಕೆಬಿ ವಿಳಾಸಗಳನ್ನು ಪರದೆ ಮೊದಲಾದವುಗಳಿಗೆ ಕಾದಿರಿಸಿದ್ದರಿಂದ ಪ್ರೋಗ್ರಾಮುಗಳಿಗೆ ಉಳಿದದ್ದು 640 ಕೆಬಿ. ಮುಂದೆ 386 ಪ್ರೊಸೆಸರ್ 32 ತಂತಿಗಳೊಂದಿಗೆ ಬಂದಾಗ ಎಣಿಕೆ 4 ಜಿಬಿಗೆ ಏರಿತು. ಆ ಕಾಲಕ್ಕೆ ಅದು ಸಮುದ್ರ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಕೆರೆ. 4 ಜಿಬಿ ಹಾಕಿಸಿಕೊಂಡು ಬಂದ ಲ್ಯಾಪ್‌ಟಾಪಿನಲ್ಲಿ 32 ಬಿಟ್‌ನ ವಿಂಡೋಸ್ ಮೂರು ಚಿಲ್ಲರೆ ಜಿಬಿಯನ್ನಷ್ಟೇ ತೋರಿಸಿದಾಗ ಅಂಗಡಿಯವನೇ ಮೋಸ ಮಾಡಿದನೆಂದು ಜಗಳಕ್ಕೆ ಹೋದವರುಂಟು. ಅಂಗಡಿಯವನ ತಪ್ಪೇನೂ ಇರಲಿಲ್ಲ. ನಾಲ್ಕು ಜಿಬಿಯಷ್ಟೇ ವಿಳಾಸಗಳಿದ್ದವು, ಗ್ರಾಫಿಕ್ಸ್ ಮತ್ತಿತರ ಸಾಧನಗಳು ಅದರಲ್ಲೇ ತಮ್ಮ ಪಾಲು ಪಡೆದಿದ್ದವು. 640 ಕೆಬಿಯ ಹಳೇ ಕಥೆಯೇ ದೊಡ್ಡ ಅಂಕಿಗಳಲ್ಲಿ ಮರುಕಳಿಸಿತ್ತು.

ಇಂದಿನ ಪ್ರೊಸೆಸರುಗಳಿಗೆ ಆ ಕೊರತೆಯಿಲ್ಲ. ಸಾಮಾನ್ಯ ಲ್ಯಾಪ್‌ಟಾಪುಗಳ ಎಷ್ಟೋ ಇಂಟೆಲ್ ಕೋರ್ ಪ್ರೊಸೆಸರುಗಳಲ್ಲಿ ಮೆಮೊರಿಯ ವಿಳಾಸಕ್ಕೆ 39 ಬಿಟ್ ಮೀಸಲು. ಲೆಕ್ಕ ಹಾಕಿದರೆ 512 ಜಿಬಿ. ಹಾಗಾದರೆ ಎಂಟು, ಹದಿನಾರು ಎಂಬ ಮಿತಿ ಎಲ್ಲಿಂದ ಬಂತು? ಉತ್ತರ ರ‍್ಯಾಮ್ ಪಟ್ಟಿಯ ಮೇಲಿನ ಕಪ್ಪು ಚಿಪ್ಪುಗಳಲ್ಲಿದೆ.

ಒಂದೊಂದು ಮೆಮೊರಿ ಚಿಪ್ಪೂ ಒಂದೊಂದು ಬಡಾವಣೆ. ಅದರಲ್ಲಿ ಬ್ಲಾಕುಗಳಿವೆ, ಅಡ್ಡಸಾಲುಗಳಿವೆ, ಕಂಬಸಾಲುಗಳಿವೆ. ಇಂಥ ಬ್ಲಾಕು, ಇಂಥ ಅಡ್ಡಸಾಲು, ಇಂಥ ಕಂಬಸಾಲು ಎಂದರೆ ಒಂದು ಮನೆ. ಈ ಮೂರನ್ನೂ ಕೂಗಿ ಕರೆಯುವವನು ಮೆಮೊರಿ ಕಂಟ್ರೋಲರ್, ನಮ್ಮ ಕಥೆಯ ಪೋಸ್ಟ್‌ಮ್ಯಾನ್. ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಬಳಸಿದ ಡಿಡಿಆರ್3 ಎಂಬ ಪೀಳಿಗೆಯ ಚಿಪ್ಪುಗಳನ್ನೇ ನೋಡಿ. 1 ಗಿಗಾಬಿಟ್ ಚಿಪ್ಪಿನ ಅಡ್ಡಸಾಲು ಹೇಳಲು 14 ಬಿಟ್ ಸಾಕು, 2 ಗಿಗಾಬಿಟ್ಟಿಗೆ 15, 4 ಗಿಗಾಬಿಟ್ಟಿಗೆ 16. 8 ಗಿಗಾಬಿಟ್ ಚಿಪ್ಪಿನಲ್ಲಿ ಅಡ್ಡಸಾಲು ಹೆಚ್ಚಲಿಲ್ಲ. ಅದುವರೆಗೆ 10 ಬಿಟ್ಟಿನಲ್ಲಿದ್ದ ಕಂಬಸಾಲು 11 ಬಿಟ್ಟಿಗೆ ಏರಿತು. ಬಡಾವಣೆ ಇಮ್ಮಡಿಯಾದಾಗಲೆಲ್ಲ ವಿಳಾಸಕ್ಕೆ ಒಂದು ಬಿಟ್ ಹೆಚ್ಚು ಬೇಕು. ಆ ಹೆಚ್ಚಿನ ಬಿಟ್ಟನ್ನು ಕೂಗಲು ಪೋಸ್ಟ್‌ಮ್ಯಾನ್‌ಗೆ ಬರುತ್ತದೆಯೇ ಎಂಬುದೇ ಪ್ರಶ್ನೆ.

ಆದ್ದರಿಂದ ಅಂಗಡಿಯಲ್ಲಿ “ಎಷ್ಟು ಜಿಬಿ” ಎಂದಷ್ಟೇ ಕೇಳಿದರೆ ಸಾಲದು, “ಎಷ್ಟು ಚಿಪ್ಪಿನಲ್ಲಿ” ಎಂದೂ ಕೇಳಬೇಕು. 4 ಗಿಗಾಬಿಟ್ಟಿನ 16 ಚಿಪ್ಪು ಕೂಡಿದರೆ 64 ಗಿಗಾಬಿಟ್, ಎಂಟರಿಂದ ಭಾಗಿಸಿದರೆ 8 ಜಿಬಿ. 8 ಗಿಗಾಬಿಟ್ಟಿನ 8 ಚಿಪ್ಪು ಕೂಡಿದರೂ 8 ಜಿಬಿಯೇ. ಮೇಲೆ ಅಂಟಿಸಿದ ಚೀಟಿಯಲ್ಲಿ ಎರಡರದ್ದೂ ಒಂದೇ ಅಂಕಿ. ಹಳೇ ಕಂಟ್ರೋಲರ್ ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಬಾಗಿಲಲ್ಲೇ ವಾಪಸ್ ಕಳಿಸಬಹುದು. “ನಾನೂ ಎಂಟು ಜಿಬಿಯದ್ದೇ ತಂದೆ, ನನ್ನದು ಯಾಕೆ ಓಡಲಿಲ್ಲ” ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಈಗ ಕಂಪನಿಯವರ ಬರಹಕ್ಕೆ ಬರೋಣ. 2011ರಲ್ಲಿ ಬಂದ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್220 ಇಂದಿಗೂ ಹಳೇ ಮಾಲಿನ ಅಂಗಡಿಗಳಲ್ಲಿ ಕಾಣುತ್ತದೆ. ಕಂಪನಿ ಅದಕ್ಕೆ ಬರೆದ ಮಿತಿ 8 ಜಿಬಿ. ಅದರೊಳಗಿನ ಎರಡನೇ ಪೀಳಿಗೆಯ ಕೋರ್ ಪ್ರೊಸೆಸರಿಗೆ ಇಂಟೆಲ್ ಹೇಳುವ ಮಿತಿ 16 ಜಿಬಿ. ಎರಡು ಸ್ಲಾಟಿಗೂ ಎಂಟೆಂಟು ಹಾಕಿ ಹದಿನಾರು ಮಾಡಿಕೊಂಡವರು ಜಗತ್ತಿನ ತುಂಬ ಇದ್ದಾರೆ. ಅದೇ ವರ್ಷದ ಆ್ಯಪಲ್ ಮ್ಯಾಕ್‌ಬುಕ್ ಪ್ರೊದ್ದೂ ಇದೇ ಕಥೆ: ಬರೆದದ್ದು 8, ನಡೆದದ್ದು 16. ಹಾಗೆಂದು ಕಂಪನಿ ಸುಳ್ಳು ಹೇಳಿತೆನ್ನಲಾಗದು. ಯಂತ್ರದ ವಿವರಪಟ್ಟಿ ಅಚ್ಚಾಗುವುದು ಯಂತ್ರ ಹುಟ್ಟುವ ಹೊತ್ತಿಗೆ. ಆಗ 8 ಜಿಬಿಯ ಪಟ್ಟಿಗಳು ಅಪರೂಪ, ಬೆಲೆ ಕೈಸುಡುವಂತಿತ್ತು. ಕೈಯಲ್ಲಿದ್ದ ಪಟ್ಟಿ ಹಾಕಿ ಪರೀಕ್ಷಿಸಿದರು, ಪರೀಕ್ಷಿಸಿದ್ದನ್ನು ಬರೆದರು. ದೊಡ್ಡ ಪಟ್ಟಿ ಅಗ್ಗವಾಗುವ ಹೊತ್ತಿಗೆ ಕಂಪನಿ ಮುಂದಿನ ಮಾಡೆಲ್ಲಿನ ಬೆನ್ನು ಹತ್ತಿತ್ತು. ಹಳೆಯದನ್ನು ಮತ್ತೆ ಮೇಜಿಗೆ ತಂದು ಪರೀಕ್ಷಿಸುವ ವ್ಯವಧಾನ ಯಾರಿಗಿದೆ?

ಪ್ರೊಸೆಸರ್ ಮಾಡಿದವರ ಅಂಕಿಯೂ ಕೆಲವೊಮ್ಮೆ ಹೀಗೆಯೇ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಬಂದ ಸೆಲೆರಾನ್ ಎನ್4000ಕ್ಕೆ ಇಂಟೆಲ್ ಬರೆದದ್ದು 8 ಜಿಬಿ. 16 ಹಾಕಿ ನಡೆಸಿದವರಿದ್ದಾರೆ. ಈಚಿನ ಎನ್100ಕ್ಕೆ ಬರೆದದ್ದು 16, 32 ನಡೆದದ್ದುಂಟು. ಡಿಡಿಆರ್4ರ ಕಾಲದಲ್ಲಿ 32 ಜಿಬಿಯ ಒಂಟಿ ಪಟ್ಟಿ ಲ್ಯಾಪ್‌ಟಾಪಿಗೆ ಬಂದದ್ದು 2019ರ ಆಸುಪಾಸಿನಲ್ಲಿ. ಅದಕ್ಕೆ ಮುಂಚೆ “ಗರಿಷ್ಠ 32 ಜಿಬಿ” ಎಂದು ಬರೆಸಿಕೊಂಡಿದ್ದ ಎರಡು ಸ್ಲಾಟಿನ ಹಲವು ಯಂತ್ರಗಳು ಆಮೇಲೆ ಸದ್ದಿಲ್ಲದೆ 64ಕ್ಕೆ ಏರಿದವು.

ಇಷ್ಟು ಓದಿ ಉತ್ಸಾಹದಿಂದ ಸ್ಕ್ರೂಡ್ರೈವರ್ ಹುಡುಕಲು ಎದ್ದವರು ದಯವಿಟ್ಟು ಕೂತುಕೊಳ್ಳಿ. ಏರದವುಗಳ ಪಟ್ಟಿಯೂ ಉದ್ದವಿದೆ. 2006ರ ಸುಮಾರಿಗೆ ಬಂದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ 945 ಸರಣಿಯ ಚಿಪ್‌ಸೆಟ್ ಇತ್ತು. ಅವುಗಳಿಗೆ 4 ಜಿಬಿ ಹಾಕಿದರೂ ಕೈಗೆ ಸಿಗುವುದು ಮೂರು ಚಿಲ್ಲರೆ. 64 ಬಿಟ್‌ನ ವಿಂಡೋಸ್ ಹಾಕಿದರೂ ಅಷ್ಟೇ, ಏಕೆಂದರೆ ಇಲ್ಲಿ ಎಣಿಕೆ ಮುಗಿಯುವುದು ಚಿಪ್‌ಸೆಟ್ಟಿನಲ್ಲೇ. 2010ರ ಹೊತ್ತಿಗೆ ಅಗ್ಗವೆಂದು ಮನೆಮನೆಗೆ ಬಂದ ಆ್ಯಟಮ್ ಎನ್450ರ ಪುಟ್ಟ ನೆಟ್‌ಬುಕ್ಕುಗಳು 2 ಜಿಬಿಯಾಚೆ ಹೆಜ್ಜೆಯಿಡುವುದಿಲ್ಲ. ಇನ್ನು ಡಿಡಿಆರ್3ರ 16 ಜಿಬಿಯ ಒಂಟಿ ಪಟ್ಟಿ. ಅದು 8 ಗಿಗಾಬಿಟ್ ಚಿಪ್ಪಿನದು. ನಾಲ್ಕನೇ ಪೀಳಿಗೆಯವರೆಗಿನ ಇಂಟೆಲ್ ಕೋರ್ ಯಂತ್ರಗಳು ಅದನ್ನು ಒಪ್ಪುವುದಿಲ್ಲ, ಐದನೇ ಪೀಳಿಗೆ ಒಪ್ಪುತ್ತದೆ. ಹೊರಗಿಂದ ಅಣ್ಣತಮ್ಮಂದಿರಂತೆ ಕಾಣುವ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದು ಏಳುತ್ತದೆ, ಇನ್ನೊಂದರ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಅಂದರೆ ಮಿತಿ ಒಂದಲ್ಲ, ಹಲವು. ಬರೆದದ್ದನ್ನು ಬಿಟ್ಟರೆ, ಕೊನೆಗೆ ಗೆಲ್ಲುವುದು ಉಳಿದವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಕಂಪನಿ ಪರೀಕ್ಷಿಸಿ ಬರೆದದ್ದೊಂದು. ಕಂಟ್ರೋಲರ್ ಎಣಿಸಬಲ್ಲದ್ದು ಇನ್ನೊಂದು. ನಡುವೆ ಯಂತ್ರವನ್ನು ಎಬ್ಬಿಸುವ ಬಯೋಸ್ ಇದೆ. ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಪುಟಾಣಿ ಚಿಪ್ಪೊಂದು ಆ ಪಟ್ಟಿಯ ಜಾತಕ ಹಿಡಿದು ಕೂತಿರುತ್ತದೆ: ಎಷ್ಟು ಸಾಲು, ಯಾವ ವೇಗ, ಎಷ್ಟು ವೋಲ್ಟ್. ಯಂತ್ರ ಏಳುವಾಗ ಬಯೋಸ್ ಮೊದಲು ಓದುವುದು ಅದನ್ನು. ಓದಿದ್ದು ಅರ್ಥವಾಗದಿದ್ದರೆ ಕಂಟ್ರೋಲರಿಗೆ ಸಾಮರ್ಥ್ಯವಿದ್ದೂ ಕೆಲಸ ನಿಲ್ಲುತ್ತದೆ. 2023ರಲ್ಲಿ ಡಿಡಿಆರ್5ರ 24 ಮತ್ತು 48 ಜಿಬಿ ಪಟ್ಟಿಗಳು ಬಂದಾಗ ಅನೇಕ ಮದರ್‌ಬೋರ್ಡುಗಳಿಗೆ ಹೊಸ ಬಯೋಸ್ ತುಂಬಬೇಕಾಯಿತು. ಸಂಖ್ಯೆ ಎರಡರ ಇಮ್ಮಡಿಗಳ ಸಾಲಿನಲ್ಲಿ ಇಲ್ಲದಿದ್ದರೆ ಹಳೇ ಬಯೋಸಿಗೆ ತಬ್ಬಿಬ್ಬು.

ಇವೆಲ್ಲದರ ಮೇಲೆ ವಿಂಡೋಸ್. ವಿಂಡೋಸ್ 7 ಸ್ಟಾರ್ಟರ್‌ಗೆ 2 ಜಿಬಿಯ ಬೇಲಿ. 64 ಬಿಟ್‌ನ ಹೋಮ್ ಬೇಸಿಕ್‌ಗೆ 8, ಹೋಮ್ ಪ್ರೀಮಿಯಂಗೆ 16. ಇದು ತಂತಿಯ ಲೆಕ್ಕವಲ್ಲ, ಅಪ್ಪಟ ವ್ಯಾಪಾರದ ಲೆಕ್ಕ. 64 ಬಿಟ್‌ನ ವಿಂಡೋಸ್ 10 ಹೋಮ್ 128 ಜಿಬಿಯ ತನಕ ಒಪ್ಪುವುದರಿಂದ ಈಗ ಈ ಬೇಲಿ ಯಾರಿಗೂ ಅಡ್ಡಬರುತ್ತಿಲ್ಲ. ಬದಲಿಗೆ ಬಂದಿರುವುದು ಇನ್ನೂ ಗಟ್ಟಿಯಾದ ಗೋಡೆ: ತೆಳ್ಳಗಿನ ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಸ್ಲಾಟೇ ಇಲ್ಲ. ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, 2020ರ ಆ್ಯಪಲ್ ಎಂ1ರಲ್ಲಂತೂ ಪ್ರೊಸೆಸರಿನ ಪಕ್ಕದಲ್ಲೇ ಒಂದೇ ಹಾಸಿನ ಮೇಲೆ ಕೂರಿಸಿದರು. ಅಲ್ಲಿ ಬರೆದದ್ದೂ ನಡೆಯುವುದೂ ಒಂದೇ. ಕೊಳ್ಳುವ ದಿನ ಎಷ್ಟು ತಂದಿರೋ ಅಷ್ಟು.

ಲೇಪಾಕ್ಷಿ ಹಿಂದೂಪುರದ ಪಕ್ಕದಲ್ಲೇ ಇದೆ. ಅಲ್ಲಿನ ವೀರಭದ್ರ ದೇವಾಲಯದ ತೂಗುಕಂಬವನ್ನು ನೋಡಲು ಹೋದವರು ಕಂಬದ ಬುಡದಲ್ಲಿ ಬಟ್ಟೆ ತೂರಿಸಿ ಆಚೆ ಎಳೆಯುತ್ತಾರೆ. ಹಿಂದೊಮ್ಮೆ ಇಂಗ್ಲಿಷ್ ಎಂಜಿನಿಯರನೊಬ್ಬ ಇದರ ಗುಟ್ಟು ತಿಳಿಯಲು ಕಂಬವನ್ನೇ ಮೀಟಿದ, ಅದು ಜರುಗಿತು ಎಂದು ಅಲ್ಲಿನವರು ಕಥೆ ಹೇಳುತ್ತಾರೆ. ಕಥೆ ನಿಜವಿರಲಿ ಬಿಡಲಿ, ಪರೀಕ್ಷಿಸುವ ಬಗೆ ಎರಡು: ಬಟ್ಟೆ ತೂರಿಸುವುದು, ಹಾರೆ ಹಾಕುವುದು. ಮೆಮೊರಿಯ ವಿಷಯದಲ್ಲಿ ಬಟ್ಟೆಯೇ ಸಾಕು, ಮತ್ತು ಅದು ಸುಲಭವೂ ಹೌದು.

ಮೊದಲನೆಯದು, ಕೊರತೆ ನಿಜವಾಗಿ ರ‍್ಯಾಮಿನದೇ ಎಂದು ನೋಡುವುದು. ಯಂತ್ರ ತಡವರಿಸುವ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ ಶೇ 90 ದಾಟಿದ್ದರೆ ರ‍್ಯಾಮ್ ಬೇಕು. ಶೇ 60ರಲ್ಲಿದ್ದು ಡಿಸ್ಕ್ ನೂರು ಮುಟ್ಟುತ್ತಿದ್ದರೆ ಬೇಕಾದದ್ದು ಎಸ್‌ಎಸ್‌ಡಿ. ಹಳೇ ತಿರುಗುವ ಹಾರ್ಡ್ ಡಿಸ್ಕಿನ ಮೇಲೆ 16 ಜಿಬಿ ರ‍್ಯಾಮ್ ಹಾಕುವುದು, ತೂತುಬಿದ್ದ ಕೊಡಕ್ಕೆ ದೊಡ್ಡ ನಲ್ಲಿ ಹಾಕಿಸಿದಂತೆ.

ಎರಡನೆಯದು, ಅಂಕಿಗಳನ್ನು ಹೋಲಿಸುವುದು. ಪ್ರೊಸೆಸರಿನ ಪೂರ್ತಿ ಹೆಸರು ಹಿಡಿದು ಇಂಟೆಲ್ ಅಥವಾ ಎಎಂಡಿ ಬರೆದ ಮಿತಿ ನೋಡಿ, ಲ್ಯಾಪ್‌ಟಾಪ್ ಕಂಪನಿಯ ಅಂಕಿಯ ಪಕ್ಕದಲ್ಲಿಡಿ. ಪ್ರೊಸೆಸರಿನದು ದೊಡ್ಡದಿದ್ದರೆ ಆಸೆಗೆ ಆಧಾರವಿದೆ. ಗರಿಷ್ಠ ಮೆಮೊರಿ ಎಷ್ಟೆಂದು ಯಂತ್ರವನ್ನೇ ಕೇಳುವ ಆಜ್ಞೆಗಳೂ ಇವೆ, ಆದರೆ ಅವು ತೋರಿಸುವುದು ಬಯೋಸಿನ ಕೋಷ್ಟಕದಲ್ಲಿ ಕಂಪನಿಯವರೇ ತುಂಬಿಟ್ಟ ಅಂಕಿಯನ್ನು. ಬಹಳ ಸಲ ಅದು ತಪ್ಪಿರುತ್ತದೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಎಂದರೆ ಅದೇ ಮಾಡೆಲ್ಲಿಗೆ ಹಾಕಿಸಿ ನಡೆಸಿದವರ ಯಂತ್ರ. ಹುಡುಗ ತನ್ನ ಗೆಳೆಯನಿಗೆ ಫೋನ್ ಮಾಡಿ ಪಟ್ಟಿಯ ಫೋಟೊ ತರಿಸಿಕೊಂಡು, ಯಾವ ಕಂಪನಿ, ಎಷ್ಟು ಚಿಪ್ಪು, ಎಷ್ಟು ವೋಲ್ಟ್ ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ವೋಲ್ಟಿನ ಮಾತು ಮರೆಯಬಾರದು. ಡಿಡಿಆರ್3ಗೆ 1.5 ವೋಲ್ಟ್, ಡಿಡಿಆರ್3ಎಲ್‌ಗೆ 1.35. ಎರಡೂ 204 ಪಿನ್ನಿನವು, ಕಚ್ಚು ಕೂಡ ಒಂದೇ ಜಾಗದಲ್ಲಿ. ಹಾಗಾಗಿ ಸ್ಲಾಟಿನಲ್ಲಿ ಹಾಯಾಗಿ ಕೂರುತ್ತವೆ, ಆದರೆ ಕಡಿಮೆ ವೋಲ್ಟನ್ನೇ ನಂಬಿದ ಲ್ಯಾಪ್‌ಟಾಪು 1.5ರದ್ದನ್ನು ಎಬ್ಬಿಸುವುದಿಲ್ಲ. ಡಿಡಿಆರ್4ಗೆ 260 ಪಿನ್, ಡಿಡಿಆರ್5ಗೆ 262. ಅವುಗಳ ಕಚ್ಚು ಬೇರೆ, ಅದಲುಬದಲಾಗಿ ಕೂರುವುದಿಲ್ಲ. ಕೂರದಿದ್ದರೆ ಒತ್ತಬೇಡಿ.

ಮೂರನೆಯದು, ಕೊಳ್ಳುವ ಮೊದಲು ಹಾಕಿ ನೋಡುವುದು. ಕರೆಂಟು ತೆಗೆದು, ಬ್ಯಾಟರಿ ಕಳಚಿ, ಮೈಯ ಸ್ಥಿರವಿದ್ಯುತ್ ಹೋಗಲೆಂದು ಯಾವುದಾದರೂ ಲೋಹ ಮುಟ್ಟಿ ಪಟ್ಟಿ ಕೂರಿಸಿದರೆ ಸಾಕು. ಸರಿಯಾದ ಜಾತಿ, ಸರಿಯಾದ ವೋಲ್ಟಿನ ದೊಡ್ಡ ಪಟ್ಟಿಯನ್ನು ಯಂತ್ರ ಒಪ್ಪದಿದ್ದರೆ ಸಾಮಾನ್ಯವಾಗಿ ಆಗುವುದು ಕಪ್ಪು ಪರದೆ ಅಥವಾ ಒಂದಷ್ಟು ಬೀಪ್. ಹಳೆಯದನ್ನು ಮರಳಿ ಹಾಕಿದರೆ ಏಳುತ್ತದೆ. ಮೊದಲ ಸಲ ಏಳಲು ಯಂತ್ರ ಒಂದೆರಡು ನಿಮಿಷ ತೆಗೆದುಕೊಂಡರೆ ಗಾಬರಿ ಬೇಡ, ಹೊಸ ಪಟ್ಟಿಯ ಪರಿಚಯ ಮಾಡಿಕೊಳ್ಳುತ್ತಿರುತ್ತದೆ. “ಓಡದಿದ್ರೆ ವಾಪಸ್ ತಗೊಳ್ತೀರಾ ಅಣ್ಣ” ಎಂಬ ಒಂದು ಮಾತು ದುಡ್ಡು ಕೊಡುವ ಮುನ್ನವೇ ಆಗಿರಲಿ. ಗ್ಯಾರಂಟಿ ಅವಧಿ ಮುಗಿದಿಲ್ಲದಿದ್ದರೆ ಮುಚ್ಚಳ ಬಿಚ್ಚುವ ಮೊದಲು ಸೇವಾ ಕೇಂದ್ರವನ್ನು ಕೇಳಿಕೊಳ್ಳಿ.

ನಾಲ್ಕನೆಯದನ್ನು ಬಹುತೇಕರು ಮಾಡುವುದೇ ಇಲ್ಲ. ಪರದೆಯಲ್ಲಿ 16 ಜಿಬಿ ಎಂದು ಬಂದೊಡನೆ ಗೆದ್ದೆವೆಂದು ಮುಚ್ಚಳ ಬಿಗಿಯುತ್ತಾರೆ. ಇಲ್ಲಿ ಹುಣಸೆಹಣ್ಣಿನ ಗಾಡಿಯ ಮಾತಿಗೂ ಸ್ವಲ್ಪ ಜಾಗ ಬಿಡಬೇಕು. ಚಿಪ್ಪುಗಳು ಹೆಚ್ಚಿದಷ್ಟೂ ತಂತಿಗಳ ಮೇಲಿನ ವಿದ್ಯುತ್ ಹೊರೆ ಹೆಚ್ಚುತ್ತದೆ, ಸಂಕೇತ ಮಸುಕಾಗಬಹುದು. ಆಗ ಯಂತ್ರ ನಿಲ್ಲುವುದಿಲ್ಲ. ಎಲ್ಲೋ ಒಂದು ಬಿಟ್ ಒಂದಿದ್ದದ್ದು ಸೊನ್ನೆಯಾಗುತ್ತದೆ. ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಇದನ್ನು ತಿದ್ದುವ ಏರ್ಪಾಡಿಲ್ಲ. ಪ್ರಾಜೆಕ್ಟಿನ ಫೈಲು, ಮಗುವಿನ ಫೋಟೊ, ಅಂಗಡಿಯ ಲೆಕ್ಕ ಸದ್ದಿಲ್ಲದೆ ಕೆಡಬಹುದು, ಗೊತ್ತಾಗುವುದು ಎಷ್ಟೋ ತಿಂಗಳ ಮೇಲೆ. ಆದ್ದರಿಂದ ಮೆಮ್‌ಟೆಸ್ಟ್86ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್ ಡ್ರೈವಿನಿಂದ ಎಬ್ಬಿಸಿ ರಾತ್ರಿಯಿಡೀ ಓಡಲು ಬಿಡಿ. ಬೆಳಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಆ ಪಟ್ಟಿ ನಿಮ್ಮ ಯಂತ್ರದ್ದಲ್ಲ. ಇನ್ನೊಂದು ಸಣ್ಣ ಸಂಗತಿ: ಹೈಬರ್ನೇಟ್ ಮಾಡುವ ಸಲುವಾಗಿ ವಿಂಡೋಸ್ ಡಿಸ್ಕಿನಲ್ಲಿ ರ‍್ಯಾಮಿನ ಗಾತ್ರಕ್ಕೆ ತಕ್ಕ ಜಾಗ ಹಿಡಿದಿಡುತ್ತದೆ. ಡಿಸ್ಕು ಚಿಕ್ಕದಿದ್ದರೆ ಇತ್ತ ಕೊಟ್ಟದ್ದು ಅತ್ತ ಹೋಗುತ್ತದೆ.

ಈ ಲೆಕ್ಕಾಚಾರ ಈಗ ಹೆಚ್ಚು ಬೇಕಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹನ್ನೊಂದನೆಯದು ಹಳೇ ಪ್ರೊಸೆಸರುಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಲಿನಕ್ಸ್ ಹಾಕಿಕೊಂಡು ಇನ್ನಷ್ಟು ವರ್ಷ ಓಡಬೇಕಾದ ಯಂತ್ರಗಳು ಬಹಳ. ಅತ್ತ ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಮೆಮೊರಿಯನ್ನು ಸಗಟಾಗಿ ನುಂಗುತ್ತಿದ್ದು, 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜಿಗಿಯಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗಾಗಿ ನಡೆಸುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಇಂಥ ದಿನಗಳಲ್ಲಿ ಕೂರದ ಪಟ್ಟಿಗೆ ಕೊಟ್ಟ ದುಡ್ಡು ದುಬಾರಿ.

ಹಿಂದೂಪುರದ ಅಂಗಡಿಗೆ ಮರಳಿದರೆ, ಆ ಲ್ಯಾಪ್‌ಟಾಪು ಎರಡನೇ ಪೀಳಿಗೆಯದೆಂದೂ ಎರಡು ಸ್ಲಾಟು ಇವೆಯೆಂದೂ ಇಟ್ಟುಕೊಳ್ಳಿ. ಹುಡುಗ 16 ಜಿಬಿಯ ಒಂದೇ ಪಟ್ಟಿ ಕೇಳಿದರೆ ಅಂಗಡಿಯವರ ಮಾತು ಗೆಲ್ಲುತ್ತದೆ. 4 ಗಿಗಾಬಿಟ್ ಚಿಪ್ಪಿನ, 8 ಜಿಬಿಯ ಎರಡು ಪಟ್ಟಿ ಕೇಳಿದರೆ ಗೆಳೆಯನ ಮಾತು ಗೆಲ್ಲುತ್ತದೆ. ಯಂತ್ರವೂ ಅದೇ, ಹದಿನಾರೂ ಅದೇ. ಸಾವಿರ ಮನೆಗಳನ್ನು ಒಂದೇ ಬೀದಿಗೆ ತುರುಕಿದರೆ ಪೋಸ್ಟ್‌ಮ್ಯಾನ್ ಕೈಚೆಲ್ಲುತ್ತಾನೆ. ಎರಡು ಬೀದಿಗೆ ಹಂಚಿ ಕೊಟ್ಟರೆ ಪ್ರತಿ ಬಾಗಿಲಿಗೂ ಕಾಗದ ಮುಟ್ಟಿಸುತ್ತಾನೆ.